ಬೆಳಗಾವಿಯ ಓಟಗಾರ ಆಂಟ್‌ವರ್ಪಿಗೆ ಹೋದದ್ದು

ಪ್ರತಿ ವರ್ಷ ಜನವರಿ ತಿಂಗಳ ಒಂದು ಭಾನುವಾರ, ಬೆಳಕು ಹರಿಯುವುದಕ್ಕೆ ಮೊದಲೇ, ಮುಂಬಯಿಯ ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್ಸಿನ ಎದುರು ಸಾವಿರಾರು ಜನ ಸೇರುತ್ತಾರೆ. 2004ರಲ್ಲಿ ಆರಂಭವಾದ ಮುಂಬಯಿ ಮ್ಯಾರಥಾನಿಗೆ ಬರುವವರಲ್ಲಿ ಈ ನಗರದವರು ಮಾತ್ರ ಇರುವುದಿಲ್ಲ. ಬೆಂಗಳೂರು, ಹುಬ್ಬಳ್ಳಿ, ಮಂಗಳೂರುಗಳಿಂದ ರಾತ್ರಿಯ ರೈಲನ್ನೋ ಬಸ್ಸನ್ನೋ ಹಿಡಿದು ಬಂದು, ನೆಂಟರ ಮನೆಯಲ್ಲಿ ಎರಡು ದಿನ ಉಳಿದು, ಓಡಿ ಹೋಗುವವರಿದ್ದಾರೆ. ಬ್ಯಾಂಕಿನವರು, ಮಾಸ್ತರರು, ವೈದ್ಯರು, ಗೃಹಿಣಿಯರು, ನಮ್ಮಂಥ ಗುಮಾಸ್ತರು. ಇವರಲ್ಲಿ ನೂರಕ್ಕೆ ತೊಂಬತ್ತೊಂಬತ್ತು ಮಂದಿಗೆ ಬಹುಮಾನ ಬರುವುದಿಲ್ಲ. ಅದು ಅವರಿಗೂ ಗೊತ್ತು.

ಮನೆಯ ಹಿರಿಯರು ಕೇಳುವ ಪ್ರಶ್ನೆ ಒಂದೇ: "ಓಡುವುದಕ್ಕೆ ಅಷ್ಟು ದೂರ ಹೋಗಬೇಕೆ? ಮನೆಯ ಮುಂದೆ ರಸ್ತೆ ಇಲ್ಲವೆ?" ಪ್ರಶ್ನೆ ನ್ಯಾಯವಾದದ್ದೇ. ಉತ್ತರ ಹುಡುಕುತ್ತ ಈ ಓಟದ ಇತಿಹಾಸವನ್ನು ತಿರುವಿ ನೋಡಿದಾಗ ನಮಗೆ ಎರಡು ಸಂಗತಿಗಳು ಕಂಡವು. ಮ್ಯಾರಥಾನ್ ಓಟಕ್ಕೂ ದೂರ ಪ್ರಯಾಣಕ್ಕೂ ಹುಟ್ಟಿನಿಂದಲೇ ಗಂಟು ಬಿದ್ದಿದೆ ಎಂಬುದು ಮೊದಲನೆಯದು. ನೂರು ವರ್ಷಗಳಿಗೂ ಹಿಂದೆ ಹಾಗೆ ದೂರ ಹೋಗಿ ಓಡಿದವರಲ್ಲಿ ನಮ್ಮ ಬೆಳಗಾವಿಯವರೊಬ್ಬರು ಇದ್ದರು ಎಂಬುದು ಎರಡನೆಯದು. ಈ ಲೇಖನ ಮುಖ್ಯವಾಗಿ ಅವರನ್ನು ನೆನೆಯುವುದಕ್ಕಾಗಿ.

ಓಲೆಕಾರನಿಂದ ಓಟಗಾರನವರೆಗೆ

ಹಿಂದೆ ಓಡುವುದು ಒಂದು ಉದ್ಯೋಗವಾಗಿತ್ತು. ಚಿಕ್ಕದೇವರಾಜ ಒಡೆಯರು 1672ರಲ್ಲಿ ಸ್ಥಾಪಿಸಿದರೆನ್ನುವ ಮೈಸೂರು ಅಂಚೆ 1889ರಲ್ಲಿ ಬ್ರಿಟಿಷರ ಅಂಚೆಯಲ್ಲಿ ಸೇರಿಹೋಗುವವರೆಗೂ ಚೀಲ ಹೊತ್ತು ಓಡುವವರ ಕಾಲ ಬಲವನ್ನೇ ನಂಬಿತ್ತು. ಗ್ರೀಕರ ಫೀಡಿಪ್ಪಿಡೀಸನೂ ಇಂಥ ಓಲೆಕಾರನೇ. ಕ್ರಿಸ್ತಪೂರ್ವ 490ರಲ್ಲಿ ಪರ್ಷಿಯನ್ನರ ದಂಡು ಬಂದಿಳಿದಾಗ ಅವನು ಸಹಾಯ ಕೇಳಲು ಅಥೆನ್ಸಿನಿಂದ ಸ್ಪಾರ್ಟಾಕ್ಕೆ ಓಡಿದನೆಂದು ಇತಿಹಾಸಕಾರ ಹೆರೊಡೋಟಸ್ ಬರೆದಿದ್ದಾನೆ. ಮ್ಯಾರಥಾನ್ ಬಯಲಿನಿಂದ ಅಥೆನ್ಸಿಗೆ ಓಡಿ ಬಂದು, ಗೆಲುವಿನ ಸುದ್ದಿ ಹೇಳಿ, ಅಲ್ಲೇ ಪ್ರಾಣ ಬಿಟ್ಟ ಕಥೆ ಅವನ ಗ್ರಂಥದಲ್ಲಿಲ್ಲ. ಅದು ಎಷ್ಟೋ ಶತಮಾನಗಳ ಅನಂತರದ ಲೇಖಕರಲ್ಲಿ ಕಾಣಿಸಿಕೊಂಡದ್ದು.

ಕಥೆ ಕಟ್ಟಿದ್ದಾದರೂ ಸರಿ, ಅದರಿಂದ ಒಂದು ಓಟ ಹುಟ್ಟಿತು. ಮಿಶೆಲ್ ಬ್ರಿಯಾಲ್ ಎಂಬ ಫ್ರೆಂಚ್ ಭಾಷಾವಿಜ್ಞಾನಿಯ ಸಲಹೆಯಂತೆ 1896ರ ಅಥೆನ್ಸ್ ಒಲಿಂಪಿಕ್ಸಿನಲ್ಲಿ ಸುಮಾರು 40 ಕಿಲೋಮೀಟರಿನ ಓಟವನ್ನು ಏರ್ಪಡಿಸಿದರು. ಗೆದ್ದವನು ಸ್ಪಿರಿಡಾನ್ ಲೂಯಿಸ್, ಅಥೆನ್ಸಿನ ಮಗ್ಗುಲಿನ ಹಳ್ಳಿಯಿಂದ ನಗರಕ್ಕೆ ನೀರು ಸಾಗಿಸಿ ಹೊಟ್ಟೆ ಹೊರೆಯುತ್ತಿದ್ದವನು. ಏನು ಬೇಕೆಂದು ದೊರೆ ಕೇಳಿದಾಗ, ನೀರು ಸಾಗಿಸಲು ಒಂದು ಕುದುರೆ ಮತ್ತು ಗಾಡಿ ಸಾಕೆಂದನಂತೆ.

ಲೂಯಿಸನಿಗೆ ಓಟದ ಜಾಗ ಮನೆಯ ಹಿತ್ತಲಿನಂತಿತ್ತು. ಕಾರ್ಲೊ ಐರೋಲ್ಡಿ ಎಂಬ ಇಟಲಿಯವನ ಪಾಡು ಬೇರೆ. ಅವನ ಬಳಿ ಪ್ರಯಾಣಕ್ಕೆ ಹಣವಿರಲಿಲ್ಲ. ಮಿಲಾನಿನಿಂದ ಹೊರಟು, ಹಡಗು ಹತ್ತಿದ ಭಾಗವನ್ನು ಬಿಟ್ಟರೆ ಹೆಚ್ಚಿನ ದಾರಿಯನ್ನೆಲ್ಲ ನಡೆದೇ ಅಥೆನ್ಸನ್ನು ಮುಟ್ಟಿದ. ಅಲ್ಲಿ ಅಧಿಕಾರಿಗಳು ಅವನನ್ನು ಓಡಲು ಬಿಡಲಿಲ್ಲ. ಹಿಂದೊಮ್ಮೆ ಮಿಲಾನಿನಿಂದ ಬಾರ್ಸಿಲೋನಕ್ಕೆ ನಡೆದ ಪಂದ್ಯದಲ್ಲಿ ಗೆದ್ದು ಹಣ ಪಡೆದಿದ್ದನಾದ್ದರಿಂದ ಅವನು ಹವ್ಯಾಸಿ ಅಲ್ಲವಂತೆ!

ಈ 'ಹವ್ಯಾಸಿ' ಎಂಬ ಶಬ್ದದ ಇತಿಹಾಸವನ್ನೂ ಸ್ವಲ್ಪ ಗಮನಿಸಬೇಕು. ಹತ್ತೊಂಬತ್ತನೆಯ ಶತಮಾನದ ಇಂಗ್ಲೆಂಡಿನಲ್ಲಿ ಹವ್ಯಾಸಿ ಎಂದರೆ ದೊಡ್ಡ ಮನೆತನದ ಮಹನೀಯ. 1866ರಲ್ಲಿ ಅಲ್ಲಿನ ಒಂದು ಕ್ಲಬ್ಬು ಬರೆದ ನಿಯಮದ ಪ್ರಕಾರ ಕುಶಲಕರ್ಮಿಯಾಗಲಿ ಕೂಲಿಯಾಗಲಿ ಹವ್ಯಾಸಿ ಆಗುವಂತೆಯೇ ಇರಲಿಲ್ಲ. ಆ ನಿಯಮ 1880ರಲ್ಲಿ ಹೋಯಿತು. ಆದರೆ ಓಡಿ ಹಣ ಪಡೆಯಬಾರದೆಂಬ ಕಟ್ಟಳೆ ನೂರು ವರ್ಷ ಉಳಿಯಿತು. ಆಸ್ತಿವಂತನಿಗೆ ಇದರಿಂದ ಏನೂ ತೊಂದರೆ ಇಲ್ಲ. ದುಡಿದು ಉಣ್ಣುವವನು ಮಾತ್ರ ಸಂಬಳ ಕಳೆದುಕೊಂಡು, ಟಿಕೇಟಿನ ಹಣ ಕೂಡಿಸಿಕೊಂಡು, ಓಟಕ್ಕೆ ಹೋಗಬೇಕಾಗಿತ್ತು. ಎಂದರೆ ಅವನ ಮ್ಯಾರಥಾನ್ ಓಟದ ಗೆರೆಗಿಂತ ಬಹಳ ಹಿಂದೆಯೇ ಆರಂಭವಾಗುತ್ತಿತ್ತು.

1904ರಲ್ಲಿ ಅಮೆರಿಕದ ಸೇಂಟ್ ಲೂಯಿಸ್ ಒಲಿಂಪಿಕ್ಸಿಗೆ ಹೋದ ಕ್ಯೂಬಾದ ಫೆಲಿಕ್ಸ್ ಕಾರ್ವಾಹಲ್ ಇದಕ್ಕೆ ಒಳ್ಳೆಯ ನಿದರ್ಶನ. ಆತ ಅಂಚೆಯವನು. ತನ್ನ ಓಟವನ್ನು ಜನರಿಗೆ ತೋರಿಸಿ ಚಂದಾ ಎತ್ತಿ ಹಡಗು ಹತ್ತಿದ. ನ್ಯೂ ಆರ್ಲಿಯನ್ಸಿನಲ್ಲಿ ಇಳಿದವನೇ ಜೂಜಾಡಿ ಇದ್ದ ಹಣವನ್ನೆಲ್ಲ ಕಳೆದುಕೊಂಡ. ಅಲ್ಲಿಂದ ಮುಂದೆ ನಡೆದು, ಸಿಕ್ಕ ವಾಹನ ಹಿಡಿದು, ಹೇಗೋ ಸೇಂಟ್ ಲೂಯಿಸ್ ಸೇರಿದ. ಓಟದ ಉಡುಪು ಇಲ್ಲದ್ದರಿಂದ ತೊಟ್ಟಿದ್ದ ಪ್ಯಾಂಟನ್ನೇ ಮೊಣಕಾಲಿನವರೆಗೆ ಕತ್ತರಿಸಿಕೊಂಡು ಓಡಿದ. ಹಾಗಿದ್ದೂ ನಾಲ್ಕನೆಯವನಾಗಿ ಬಂದ.

ಪುಣೆಯ ಬಯಲಿನಲ್ಲಿ

ಇನ್ನು ನಮ್ಮ ಕಡೆಗೆ ಬರೋಣ. ಪುಣೆಯ ಡೆಕ್ಕನ್ ಜಿಮ್ಖಾನಾ ನಮ್ಮಲ್ಲಿ ಅನೇಕರಿಗೆ ಪರಿಚಿತವಾದ ಬಡಾವಣೆ. ಅಲ್ಲಿ ಮನೆ ಮಾಡಿರುವ ಕನ್ನಡ ಕುಟುಂಬಗಳೂ ಉಂಟು. ಬಡಾವಣೆಗೆ ಆ ಹೆಸರು ಕೊಟ್ಟ ಕ್ರೀಡಾ ಸಂಸ್ಥೆಗೆ ಸರ್ ದೊರಾಬ್ಜಿ ಟಾಟಾ ಅವರು ಅಧ್ಯಕ್ಷರಾಗಿದ್ದರು. ಜಮ್ಶೇಟ್‌ಜಿ ಟಾಟಾ ಅವರ ಹಿರಿಯ ಮಗ. 1919ರ ವಾರ್ಷಿಕ ಕ್ರೀಡಾಕೂಟದಲ್ಲಿ ದೂರದ ಓಟವನ್ನು ನೋಡುತ್ತಿದ್ದಾಗ ಅವರಿಗೆ ಆಶ್ಚರ್ಯವಾಯಿತು. ಓಡುತ್ತಿದ್ದವರು ಹಳ್ಳಿಯ ರೈತರು, ಬರಿಗಾಲಿನವರು. ತರಬೇತಿ ಇಲ್ಲ, ಸರಿಯಾದ ನಿಯಮಗಳ ತಿಳಿವಳಿಕೆಯೂ ಇಲ್ಲ. ಆದರೂ ಅವರಲ್ಲಿ ಕೆಲವರು ಓಡಿದ ವೇಗ ಯುರೋಪಿನ ಒಳ್ಳೆಯ ಓಟಗಾರರ ವೇಗಕ್ಕೆ ಹತ್ತಿರವಾಗಿತ್ತು.

ಇವರನ್ನು ಮರು ವರ್ಷ ಬೆಲ್ಜಿಯಂ ದೇಶದ ಆಂಟ್‌ವರ್ಪಿನಲ್ಲಿ ನಡೆಯಲಿದ್ದ ಒಲಿಂಪಿಕ್ಸಿಗೆ ಏಕೆ ಕಳಿಸಬಾರದು ಎಂದು ದೊರಾಬ್ಜಿಯವರಿಗೆ ಹೊಳೆಯಿತು. ಮುಂಬಯಿ ಗವರ್ನರ್ ಸರ್ ಜಾರ್ಜ್ ಲಾಯ್ಡ್ ಅವರ ಬೆಂಬಲ ದೊರಕಿತು. ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿಯ ಒಪ್ಪಿಗೆಯೂ ಬಂತು. ಹಣಕ್ಕಾಗಿ ವಂತಿಗೆ ಎತ್ತಿದರು. ದೊರಾಬ್ಜಿಯವರು ತಮ್ಮ ಕೈಯಿಂದಲೂ ಕೊಟ್ಟರು.

ಆಗಿನ ಒಂದು ಪ್ರಸಂಗ ಪ್ರಸಿದ್ಧವಾಗಿದೆ. ಆಟಗಾರರನ್ನು ಆರಿಸುವ ಸಂದರ್ಭದಲ್ಲಿ, ನೂರು ಮೀಟರ್ ಓಟಕ್ಕೆ ಒಲಿಂಪಿಕ್ ಮಟ್ಟದ ಸಮಯ ಎಷ್ಟಿರಬೇಕು ಎಂಬ ಪ್ರಶ್ನೆ ಬಂತಂತೆ. ಜಿಮ್ಖಾನಾದ ಸದಸ್ಯರೊಬ್ಬರು, ಒಂದೆರಡು ನಿಮಿಷ ಇರಬಹುದು ಎಂದರಂತೆ. ಅಲ್ಲಿ ನಿಮಿಷದ ಮಾತೇ ಇಲ್ಲ, ಸೆಕೆಂಡು ಮತ್ತು ಸೆಕೆಂಡಿನ ಭಾಗಗಳ ಲೆಕ್ಕ ಎಂದು ತಿಳಿದಾಗ ಅವರು ಬೆರಗಾದರಂತೆ. ಓದಿ ನಗಬಹುದು. ಆದರೆ ನಮ್ಮ ಹುಡುಗರ ಕಾಲಿನಲ್ಲಿದ್ದ ಶಕ್ತಿಗೂ ಅದನ್ನು ಅಳೆಯಬೇಕಾದವರ ತಿಳಿವಿಗೂ ಇದ್ದ ಅಂತರ ಎಷ್ಟೆಂಬುದನ್ನು ಈ ನಗೆ ಸೂಚಿಸುತ್ತದೆ.

ಆರಿಸಲ್ಪಟ್ಟವರು ಆರು ಮಂದಿ: ನಾಲ್ವರು ಓಟಗಾರರು, ಇಬ್ಬರು ಕುಸ್ತಿ ಪೈಲ್ವಾನರು. ಓಟಗಾರರ ಊರುಗಳನ್ನು ಓದುಗರು ಗಮನವಿಟ್ಟು ನೋಡಬೇಕು. ಬಂಗಾಳದ ಪೂರ್ಮಾ ಬ್ಯಾನರ್ಜಿ, ಸಾತಾರೆಯ ಸದಾಶಿವ ದಾತಾರ್, ಹುಬ್ಬಳ್ಳಿಯ ಕೈಕಾಡಿ, ಬೆಳಗಾವಿಯ ಫಡೆಪ್ಪ ದಾರೆಪ್ಪ ಚೌಗುಲೆ. ನಾಲ್ವರಲ್ಲಿ ಇಬ್ಬರು ಇಂದಿನ ಕರ್ನಾಟಕದವರು! ಆಗ ಬೆಳಗಾವಿ, ಹುಬ್ಬಳ್ಳಿಗಳು ಮುಂಬಯಿ ಪ್ರಾಂತಕ್ಕೆ ಸೇರಿದ್ದವು. 1956ರಲ್ಲಿ ರಾಜ್ಯಗಳು ಮರುವಿಂಗಡಣೆಯಾದಾಗಲೇ ಅವು ಮೈಸೂರು ರಾಜ್ಯಕ್ಕೆ ಬಂದದ್ದು. ಇದೂ ನಮ್ಮ ಮರೆವಿಗೆ ಒಂದು ಕಾರಣವಿರಬೇಕು. ಬೆಂಗಳೂರಿನವರು ಇವರನ್ನು ಮುಂಬಯಿಯವರೆಂದು ಬಿಟ್ಟರು, ಮುಂಬಯಿಯವರು ಬೆಳಗಾವಿಯವರೆಂದು ಬಿಟ್ಟರು. ಎರಡು ಊರಿನ ನಡುವೆ ಬದುಕುವ ನಮಗೆ ಈ ಪಾಡು ಹೊಸದಲ್ಲ.

ಚೌಗುಲೆ ಎಂಬ ಮನೆತನದ ಹೆಸರು ಗಡಿಯ ಎರಡೂ ಭಾಷೆಯವರಲ್ಲಿ ಇದೆ. ಫಡೆಪ್ಪ, ದಾರೆಪ್ಪ ಎಂಬಲ್ಲಿನ 'ಅಪ್ಪ' ಉತ್ತರ ಕರ್ನಾಟಕದ ಮನೆಮನೆಯಲ್ಲೂ ಕೇಳುವ ಶಬ್ದ. ಅವರು ಯಾರವರು ಎಂದು ಜಗಳಕ್ಕೆ ನಿಲ್ಲುವುದು ನಮಗೆ ಇಷ್ಟವಿಲ್ಲ. ಬೆಳಗಾವಿಯ ಮಣ್ಣಿನವರು ಎಂದರೆ ಸಾಕು.

ಸಮುದ್ರ ದಾಟಿ

ಈಗ ನಮ್ಮ ಕೇಂದ್ರ ಸರ್ಕಾರದ ನೌಕರರಿಗೆ ವರ್ಷಕ್ಕೆ ಎಂಟು ದಿನ ಕ್ಯಾಶುವಲ್ ರಜೆ. ವಿಮಾನದಲ್ಲಿ ಹೋದರೆ ಅಷ್ಟರಲ್ಲಿ ಯುರೋಪಿಗೆ ಹೋಗಿ, ಓಡಿ, ಹಿಂದಿರುಗಬಹುದು. 1920ರಲ್ಲಿ ಹಡಗಿನ ಪ್ರಯಾಣವೇ ವಾರಗಟ್ಟಲೆ ಹಿಡಿಯುತ್ತಿತ್ತು. ತಂಡ ಮುಂಬಯಿಯಿಂದ ಮೊದಲು ಇಂಗ್ಲೆಂಡಿಗೆ ಹೋಗಿ, ಅಲ್ಲಿ ಕೆಲವು ವಾರ ಅಭ್ಯಾಸ ಮಾಡಿ, ಅನಂತರ ಆಂಟ್‌ವರ್ಪಿಗೆ ಹೋಯಿತು. ಬೆಳಗಾವಿ, ಹುಬ್ಬಳ್ಳಿಗಳ ಹುಡುಗರು ತಿಂಗಳುಗಟ್ಟಲೆ ರೊಟ್ಟಿ, ಅನ್ನಗಳಿಲ್ಲದ ಪರದೇಶದಲ್ಲಿ, ಮಾತು ತಿಳಿಯದ ಜನರ ನಡುವೆ ಇದ್ದದ್ದನ್ನು ಊಹಿಸಿಕೊಳ್ಳಬೇಕು. ಊರು ಬಿಟ್ಟು ಬಂದ ಮೊದಲ ವರ್ಷವನ್ನು ಮರೆಯದ ಯಾರಿಗಾದರೂ ಇದು ಅರ್ಥವಾಗುತ್ತದೆ.

ಮ್ಯಾರಥಾನ್ ನಡೆದದ್ದು 1920ರ ಆಗಸ್ಟ್ 22ರಂದು. ಆಗ ಓಟದ ದೂರ ಇನ್ನೂ ಒಂದೇ ತೆರನಾಗಿರಲಿಲ್ಲ. ಈಗಿನ 42.195 ಕಿಲೋಮೀಟರ್ 1908ರ ಲಂಡನ್ ಒಲಿಂಪಿಕ್ಸಿನ ಕೊಡುಗೆ. ವಿಂಡ್ಸರ್ ಅರಮನೆಯಿಂದ ಹೊರಟು ಕ್ರೀಡಾಂಗಣದಲ್ಲಿ ರಾಜಮನೆತನದವರು ಕುಳಿತ ಜಾಗದ ಮುಂದೆ ಮುಗಿದ ಓಟದ ಅಳತೆ ಅದು. ಅದನ್ನು ಎಲ್ಲ ಕಡೆಗೂ ನಿಯಮವೆಂದು ಗೊತ್ತುಮಾಡಿದ್ದು 1921ರಲ್ಲಿ. ಹೀಗಾಗಿ ಆಂಟ್‌ವರ್ಪಿನ ದಾರಿ 42.75 ಕಿಲೋಮೀಟರ್ ಇತ್ತು. ಒಲಿಂಪಿಕ್ ಮ್ಯಾರಥಾನುಗಳಲ್ಲೆಲ್ಲ ಅತಿ ಉದ್ದದ್ದು ಅದೇ. ಮುಂಬಯಿಯ ಓದುಗರಿಗೆ ಹೇಳುವುದಾದರೆ, ಚರ್ಚ್‌ಗೇಟಿನಿಂದ ಭಾಯಂದರದವರೆಗಿನ ರೈಲುದಾರಿ ಹೆಚ್ಚುಕಡಿಮೆ ಅಷ್ಟಾಗುತ್ತದೆ.

ಗೆದ್ದವನು ಫಿನ್ಲೆಂಡಿನ ಹಾನ್ನೆಸ್ ಕೊಲೆಹ್ಮೈನೆನ್. 2 ಗಂಟೆ 32 ನಿಮಿಷ 35.8 ಸೆಕೆಂಡು. ಎಸ್ಟೋನಿಯಾದ ಯೂರಿ ಲಾಸ್‌ಮನ್ ಎರಡನೆಯವನು. ಅಷ್ಟು ದೂರ ಓಡಿದ ಮೇಲೂ ಇಬ್ಬರ ನಡುವಿನ ಅಂತರ ಹದಿಮೂರು ಸೆಕೆಂಡಿಗೂ ಕಡಿಮೆ. ಸಾತಾರೆಯ ದಾತಾರ್ ಓಟವನ್ನು ಮುಗಿಸಲಾಗಲಿಲ್ಲ. ಫಡೆಪ್ಪ ಚೌಗುಲೆ ಮುಗಿಸಿದರು. 2 ಗಂಟೆ 50 ನಿಮಿಷ 45.4 ಸೆಕೆಂಡಿನಲ್ಲಿ, ಹತ್ತೊಂಬತ್ತನೆಯವರಾಗಿ.

ಹತ್ತೊಂಬತ್ತನೆಯ ಸ್ಥಾನವೆಂದರೆ ಏನು ಮಹಾ ಎಂದು ಕೇಳುವವರಿರಬಹುದು. ವಿಜ್ಞಾನ ಓದಿದ ಅಭ್ಯಾಸದಿಂದ ನಾವು ಕಾಗದ ಪೆನ್ಸಿಲು ಹಿಡಿದು ಲೆಕ್ಕ ಹಾಕಿದೆವು. 42.75 ಕಿಲೋಮೀಟರನ್ನು ಅವರು ಓಡಿದ ಸಮಯಕ್ಕೆ ಹೋಲಿಸಿದರೆ, ಕಿಲೋಮೀಟರಿಗೆ ಸರಿಸುಮಾರು ನಾಲ್ಕು ನಿಮಿಷ ಬೀಳುತ್ತದೆ. ಇದೇ ವೇಗದಲ್ಲಿ ಇಂದಿನ 42.195 ಕಿಲೋಮೀಟರ್ ಓಡಿದ್ದರೆ 2 ಗಂಟೆ 48 ನಿಮಿಷ 32 ಸೆಕೆಂಡಿನ ಆಸುಪಾಸಿಗೆ ಮುಗಿಯುತ್ತಿತ್ತು. ಇಂದು ಒಳ್ಳೆಯ ಬೂಟು, ಕೈಗಡಿಯಾರ, ಪಥ್ಯ, ತರಬೇತುದಾರ ಎಲ್ಲ ಇರುವ ಹವ್ಯಾಸಿಗಳು ಮೂರು ಗಂಟೆಯ ಒಳಗೆ ಓಡುವುದಕ್ಕೆ ವರ್ಷಗಟ್ಟಲೆ ಹೆಣಗುತ್ತಾರೆ. ಫಡೆಪ್ಪನವರು ನೂರು ವರ್ಷದ ಹಿಂದೆ, ಅದಕ್ಕಿಂತ ಹೆಚ್ಚಿನ ದೂರವನ್ನು, ಒಂಬತ್ತು ನಿಮಿಷ ಉಳಿಸಿಕೊಂಡು ಓಡಿದರು.

ಎರಡು ನಿಮಿಷ ಮುಂದಿದ್ದವರು

ಅದೇ ಓಟದಲ್ಲಿ ಫಡೆಪ್ಪನವರಿಗಿಂತ ಸರಿಯಾಗಿ ಎರಡು ನಿಮಿಷ ಮೊದಲು, ಹದಿನಾರನೆಯವರಾಗಿ ಬಂದವರು ಜಪಾನಿನ ಶಿಜೊ ಕನಕುರಿ. ಇವರ ಕಥೆಯನ್ನು ಇಲ್ಲಿ ಹೇಳುವುದು ಅಗತ್ಯ.

ಕನಕುರಿ 1912ರಲ್ಲಿ, ಇನ್ನೂ ವಿದ್ಯಾರ್ಥಿಯಾಗಿದ್ದಾಗ, ಸ್ಟಾಕ್‌ಹೋಮ್ ಒಲಿಂಪಿಕ್ಸಿಗೆ ಹೋಗಿದ್ದರು. ಆಗ ಜಪಾನ್ ಕಳಿಸಿದ್ದು ಇಬ್ಬರನ್ನೇ. ಅವರ ಪ್ರಯಾಣಕ್ಕೂ ಸಹಪಾಠಿಗಳು ಚಂದಾ ಎತ್ತಿದ್ದರು. ಹಡಗಿನಲ್ಲಿ ವ್ಲಾಡಿವೊಸ್ಟಾಕಿಗೆ ಬಂದು, ಅಲ್ಲಿಂದ ಸೈಬೀರಿಯಾದ ರೈಲಿನಲ್ಲಿ ದಿನಗಟ್ಟಲೆ ಕುಳಿತು, ಎರಡು ವಾರಕ್ಕೂ ಮಿಕ್ಕಿದ ಪ್ರಯಾಣದ ಕೊನೆಗೆ ಸ್ಟಾಕ್‌ಹೋಮ್ ಸೇರಿದರು. ಓಟದ ದಿನ ವಿಪರೀತ ಬಿಸಿಲು. ಪೋರ್ಚುಗಲ್ಲಿನ ಫ್ರಾನ್ಸಿಸ್ಕೊ ಲಾಜರೊ ಎಂಬ ಬಡಗಿ ಆ ಓಟದಲ್ಲಿ ಕುಸಿದು ಪ್ರಾಣವನ್ನೇ ಕಳೆದುಕೊಂಡ. ಕನಕುರಿ ದಾರಿಯಲ್ಲಿ ಬಳಲಿ ಒಂದು ಮನೆಯವರ ಆಶ್ರಯ ಪಡೆದರು. ಓಟದ ಅಧಿಕಾರಿಗಳಿಗೆ ತಿಳಿಸದೆ ಊರಿಗೆ ಮರಳಿದರು. ಸ್ವೀಡನ್ನಿನ ದಾಖಲೆಗಳಲ್ಲಿ ಅವರು ಕಾಣೆಯಾದ ಓಟಗಾರ!

1967ರಲ್ಲಿ ಸ್ವೀಡನ್ನಿನವರು ಎಪ್ಪತ್ತೈದು ವರ್ಷದ ಕನಕುರಿಯವರನ್ನು ಮತ್ತೆ ಕರೆಸಿ, ಬಿಟ್ಟ ಓಟವನ್ನು ಗೌರವಪೂರ್ವಕವಾಗಿ ಮುಗಿಸಲು ಅವಕಾಶ ಕೊಟ್ಟರು. ಅವರ ಸಮಯ 54 ವರ್ಷ, 8 ತಿಂಗಳು, 6 ದಿನ, 5 ಗಂಟೆ, 32 ನಿಮಿಷ, 20.3 ಸೆಕೆಂಡು ಎಂದು ಘೋಷಿಸಲಾಯಿತು. ಇದು ಹಲವರು ಕೇಳಿರಬಹುದಾದ ಸ್ವಾರಸ್ಯದ ಕಥೆ.

ನಮಗೆ ಹೆಚ್ಚು ಮುಖ್ಯವೆನಿಸುವುದು ನಡುವೆ ನಡೆದದ್ದು. ಸೋತು ಬಂದ ಕನಕುರಿ ಶಿಕ್ಷಕರಾದರು. ತಾವು ತೊಟ್ಟು ಓಡಿದ ಜಪಾನೀ ಬಟ್ಟೆಯ ಪಾದರಕ್ಷೆ ಯುರೋಪಿನ ಗಟ್ಟಿ ರಸ್ತೆಗೆ ತಾಳಲಿಲ್ಲವೆಂದು ಕಂಡುಕೊಂಡು, ಅದನ್ನು ಹೊಲಿಯುವವನ ಜೊತೆ ಕೂತು ಸುಧಾರಿಸಿದರು. 1920ರಲ್ಲಿ ಟೋಕಿಯೊದಿಂದ ಹಕೋನೆಗೆ ಹೋಗಿ ಬರುವ ವಿಶ್ವವಿದ್ಯಾಲಯಗಳ ಸರದಿ ಓಟವನ್ನು ಆರಂಭಿಸಿದವರಲ್ಲಿ ಅವರು ಪ್ರಮುಖರು. ನಾಲ್ಕು ವಿದ್ಯಾಸಂಸ್ಥೆಗಳಿಂದ ಆರಂಭವಾದ ಆ ಓಟವನ್ನು ಈಗ ಪ್ರತಿ ಹೊಸ ವರ್ಷದ ಎರಡು ಮತ್ತು ಮೂರನೆಯ ದಿನ ಇಡೀ ಜಪಾನ್ ಟೆಲಿವಿಷನ್ನಿನ ಮುಂದೆ ಕುಳಿತು ನೋಡುತ್ತದೆ. ಅದರ ಅತ್ಯುತ್ತಮ ಓಟಗಾರನಿಗೆ ಕೊಡುವ ಪಾರಿತೋಷಕ ಕನಕುರಿಯವರ ಹೆಸರಿನದು.

ಆಂಟ್‌ವರ್ಪಿನಲ್ಲಿ ಜಪಾನಿನ ನಾಲ್ವರು ಮ್ಯಾರಥಾನ್ ಓಡಿದರು. ಕನಕುರಿ 16ನೆಯವರು. ಉಳಿದ ಮೂವರು 20, 21 ಮತ್ತು 24ನೆಯವರು. ಎಂದರೆ ಆ ಮೂವರೂ ನಮ್ಮ ಫಡೆಪ್ಪನವರ ಹಿಂದೆ ಬಂದರು. ಆ ದಿನ ಬೆಳಗಾವಿಗೂ ಟೋಕಿಯೊಗೂ ಇದ್ದ ಅಂತರ ಕೇವಲ ಎರಡು ನಿಮಿಷ. ಮುಂದಿನ ನೂರು ವರ್ಷದಲ್ಲಿ ಆ ಅಂತರ ಬೆಳೆದುಹೋಯಿತು. ಅವರು ತಮ್ಮ ಓಟಗಾರನ ಅನುಭವವನ್ನು ಶಾಲೆಗೆ, ಬೂಟಿಗೆ, ವರ್ಷ ತಪ್ಪದೆ ನಡೆಯುವ ಓಟಕ್ಕೆ ಹಂಚಿದರು. ನಾವು ನಮ್ಮವರ ಹೆಸರನ್ನು ಫಲಿತಾಂಶಗಳ ಪಟ್ಟಿಯಲ್ಲಿ ಬಿಟ್ಟುಬಂದೆವು.

ಆಂಟ್‌ವರ್ಪಿನಿಂದ ಏನೂ ಆಗಲಿಲ್ಲವೆಂದು ಇದರ ಅರ್ಥವಲ್ಲ. ಆ ಪ್ರಯಾಣದಿಂದ ಹುಟ್ಟಿದ ಉತ್ಸಾಹವೇ 1927ರಲ್ಲಿ ಭಾರತೀಯ ಒಲಿಂಪಿಕ್ ಸಂಸ್ಥೆಯಾಗಿ ರೂಪುಗೊಂಡಿತು. ದೊರಾಬ್ಜಿಯವರೇ ಮೊದಲ ಅಧ್ಯಕ್ಷರು. 1951ರಲ್ಲಿ ದೆಹಲಿಯಲ್ಲಿ ನಡೆದ ಮೊದಲ ಏಷ್ಯನ್ ಕ್ರೀಡಾಕೂಟದ ಮ್ಯಾರಥಾನಿನಲ್ಲಿ ಛೋಟಾ ಸಿಂಗ್ ಚಿನ್ನವನ್ನೂ ಸೂರತ್ ಸಿಂಗ್ ಮಾಥುರ್ ಕಂಚನ್ನೂ ಗೆದ್ದರು. 1976ರಲ್ಲಿ ಮಾಂಟ್ರಿಯಲ್ಲಿನಲ್ಲಿ ಸೈನ್ಯದ ಶಿವನಾಥ್ ಸಿಂಗ್ ಹನ್ನೊಂದನೆಯವರಾದರು. 1978ರಲ್ಲಿ ಜಲಂಧರದಲ್ಲಿ ಅವರು ಓಡಿದ 2 ಗಂಟೆ 12 ನಿಮಿಷದ ದಾಖಲೆ ನಾಲ್ಕು ದಶಕಕ್ಕೂ ಹೆಚ್ಚು ಕಾಲ ಭಾರತದಲ್ಲಿ ಯಾರ ಕೈಗೂ ಸಿಗಲಿಲ್ಲ. ಒಬ್ಬೊಬ್ಬರಾಗಿ ನಮ್ಮಲ್ಲಿ ಶಕ್ತರು ಹುಟ್ಟಿದ್ದಾರೆ. ಒಬ್ಬರ ಬೆನ್ನಿಗೆ ಇನ್ನೊಬ್ಬರು ಬರುವ ಸಾಲು ಮಾತ್ರ ಬೆಳೆಯಲಿಲ್ಲ.

ಜನಸಾಮಾನ್ಯರ ಓಟ

ಒಲಿಂಪಿಕ್ಸಿನಾಚೆ ಜನಸಾಮಾನ್ಯರ ಮ್ಯಾರಥಾನ್ ಬೆಳೆದ ಬಗೆಯನ್ನೂ ಎರಡು ಮಾತಿನಲ್ಲಿ ಹೇಳಬೇಕು. ಅಮೆರಿಕದ ಬಾಸ್ಟನ್ ನಗರದಲ್ಲಿ 1897ರಲ್ಲಿ ಹದಿನೈದು ಜನರಿಂದ ವಾರ್ಷಿಕ ಓಟ ಆರಂಭವಾಯಿತು. ಅದನ್ನು ಏಳು ಸಲ ಗೆದ್ದ ಕ್ಲಾರೆನ್ಸ್ ಡಿಮಾರ್ ಮುದ್ರಣಾಲಯದಲ್ಲಿ ದುಡಿಯುತ್ತಿದ್ದವರು. ಹೆಂಗಸರಿಗೆ ಅಲ್ಲಿ ಪ್ರವೇಶವಿರಲಿಲ್ಲ. 1966ರಲ್ಲಿ ಬಾಬಿ ಗಿಬ್ ಎಂಬ ತರುಣಿ ಅರ್ಜಿ ಹಾಕಿದಾಗ, ಹೆಂಗಸರ ದೇಹಕ್ಕೆ ಅಷ್ಟು ದೂರ ಓಡುವ ಶಕ್ತಿ ಇಲ್ಲವೆಂಬ ಉತ್ತರ ಬಂತು. ಆಕೆ ಕ್ಯಾಲಿಫೋರ್ನಿಯಾದಿಂದ ಬಸ್ಸು ಹತ್ತಿ, ಹಗಲು ರಾತ್ರಿ ಪ್ರಯಾಣ ಮಾಡಿ, ಓಟದ ಹಿಂದಿನ ದಿನ ಬಾಸ್ಟನ್ ತಲುಪಿದಳು. ಮರುದಿನ ಪೊದೆಯ ಮರೆಯಲ್ಲಿ ಕಾದಿದ್ದು ಗುಂಪಿನಲ್ಲಿ ಸೇರಿ ಓಡಿಯೇ ಬಿಟ್ಟಳು. ಬಾಸ್ಟನ್ನಿನವರು ಹೆಂಗಸರಿಗೆ ಬಾಗಿಲು ತೆರೆದದ್ದು 1972ರಲ್ಲಿ, ಒಲಿಂಪಿಕ್ಸಿನವರು 1984ರಲ್ಲಿ.

ನ್ಯೂಯಾರ್ಕಿನ ಓಟ 1970ರಲ್ಲಿ 127 ಜನರಿಂದ ಆರಂಭವಾಯಿತು. ಲಂಡನ್ನಿನದು 1981ರಲ್ಲಿ, ಪುಣೆಯದು 1983ರಲ್ಲಿ. ಹಣ ಪಡೆಯಬಾರದೆಂಬ ಹಳೆಯ ಕಟ್ಟಳೆಯೂ ಎಂಬತ್ತರ ದಶಕದಲ್ಲಿ ಸಡಿಲವಾಯಿತು. ಈಗ ಬಾಸ್ಟನ್, ಲಂಡನ್, ಬರ್ಲಿನ್, ಷಿಕಾಗೊ, ನ್ಯೂಯಾರ್ಕ್, ಟೋಕಿಯೊ ನಗರಗಳ ಓಟಗಳನ್ನೆಲ್ಲ ಮುಗಿಸಿ ಆರು ನಕ್ಷತ್ರದ ಪದಕ ಪಡೆಯುವುದು ಅನೇಕ ಹವ್ಯಾಸಿಗಳ ಹಂಬಲ. 2025ರಲ್ಲಿ ಸಿಡ್ನಿಯೂ ಆ ನಗರಗಳ ಸಾಲಿಗೆ ಸೇರಿತು. ಸ್ವಂತ ಗಳಿಕೆಯಿಂದ ಟಿಕೇಟು ಕೊಂಡು ಹೀಗೆ ದೇಶ ತಿರುಗುವವರಲ್ಲಿ ಭಾರತೀಯರೂ ಇದ್ದಾರೆ. ಇದು ಸಂತೋಷದ ಸಂಗತಿ. ಸಮುದ್ರ ದಾಟುವುದಕ್ಕೆ ಒಬ್ಬ ಟಾಟಾ ಕಣ್ಣಿಗೆ ಬೀಳುವ ತನಕ ಕಾಯಬೇಕಾದ ಕಾಲ ಹಲವರ ಪಾಲಿಗೆ ಮುಗಿದಿದೆ.

ಎಲ್ಲರ ಪಾಲಿಗೂ ಮುಗಿದಿದೆ ಎನ್ನಲಾರೆವು. ಇಂದಿಗೂ ನಮ್ಮ ಬಯಲುಸೀಮೆಯ ಹಳ್ಳಿಗಳಲ್ಲಿ ಶಾಲೆಗೆ ನಾಲ್ಕಾರು ಮೈಲಿ ಓಡಿಕೊಂಡೇ ಹೋಗಿ ಬರುವ ಹುಡುಗ ಹುಡುಗಿಯರಿದ್ದಾರೆ. ಅವರ ಓಟವನ್ನು ಗಡಿಯಾರ ಹಿಡಿದು ನೋಡುವವರು ಬೇಕು, ರೈಲು ಚಾರ್ಜಿಗೆ ನಾಲ್ಕು ಕಾಸು ಕೊಡುವವರು ಬೇಕು. ಫಡೆಪ್ಪ ಚೌಗುಲೆಯವರ ಕಥೆಯ ಸಾರ ಇದೇ ಎಂದು ನಮಗೆ ತೋರುತ್ತದೆ. ಓಡುವ ಶಕ್ತಿ ಬೆಳಗಾವಿಯಲ್ಲಿ ಮೊದಲೇ ಇತ್ತು. ಪುಣೆಯಲ್ಲಿ ಯಾರೋ ಗಮನಿಸಿದರು, ಮುಂಬಯಿಯಲ್ಲಿ ಯಾರೋ ಹಣ ಹಾಕಿದರು. ಅದರಿಂದಾಗಿ ಅದು ಆಂಟ್‌ವರ್ಪನ್ನು ಮುಟ್ಟಿತು.

ಪುಣೆ, ಮುಂಬಯಿಗಳಲ್ಲಿ ನೆಲೆಸಿದ ಕನ್ನಡಿಗರಾದ ನಮಗೆ ಇದರಲ್ಲಿ ಒಂದು ಕರ್ತವ್ಯವೂ ಕಾಣುತ್ತದೆ. ಹೊರನಾಡಿನ ಕನ್ನಡ ಸಂಘಗಳಲ್ಲಿ ವರ್ಷಕ್ಕೊಮ್ಮೆ ಮಕ್ಕಳ ಆಟೋಟಗಳು ನಡೆಯುತ್ತವೆ. ನಿಂಬೆಹಣ್ಣಿನ ಓಟ, ಗೋಣಿಚೀಲದ ಓಟ ಇರಲಿ, ಬೇಡವೆನ್ನುವುದಿಲ್ಲ. ಅವುಗಳ ಜೊತೆಗೆ ದೊಡ್ಡ ಮಕ್ಕಳಿಗೆ ಒಂದು ದೂರದ ಓಟವನ್ನಿಟ್ಟು, ಅದಕ್ಕೆ ಬೆಳಗಾವಿಯ ಫಡೆಪ್ಪ ಚೌಗುಲೆಯವರ ಹೆಸರನ್ನು ಇಡಬಹುದಲ್ಲವೆ? ಹುಬ್ಬಳ್ಳಿಯ ಕೈಕಾಡಿಯವರ ಹೆಸರಿನಲ್ಲಿ ಇನ್ನೊಂದು ಬಹುಮಾನ ಇರಲಿ. ಸಂಗ್ರಹವಾದ ಹಣದಲ್ಲಿ ಊರಿನ ಕಡೆಯ ಒಬ್ಬ ಬಡ ಓಟಗಾರನಿಗೋ ಓಟಗಾರ್ತಿಗೋ ಮುಂಬಯಿಯ ಓಟಕ್ಕೆ ಬಂದುಹೋಗುವ ಖರ್ಚು ಕೊಡಬಹುದು. ಉಳಿದುಕೊಳ್ಳುವುದಕ್ಕೆ ನಮ್ಮ ಮನೆಗಳಿವೆ, ಊಟಕ್ಕೆ ರೊಟ್ಟಿಯೂ ಇದೆ, ಅನ್ನವೂ ಇದೆ.

ಸಂಘಗಳ ಕಾರ್ಯಕಾರಿ ಸಮಿತಿಗಳು ಈ ಸಲಹೆಯನ್ನು ಮುಂದಿನ ಸಭೆಯಲ್ಲಿ ಪರಿಶೀಲಿಸಬೇಕೆಂದು ನಮ್ಮ ವಿನಂತಿ.